ಮನಿಲಾದಲ್ಲಿ ಅಲ್ಲಿನ ಜನ ದಿನಾ ತಿನ್ನೋ ಊಟ ಎಲ್ಲಿ ಸಿಗುತ್ತೆ? ನಾಲ್ಕು ಜನ, ಅಮ್ಮ ಸಸ್ಯಾಹಾರಿ

ಬೆಣ್ಣೆದೋಸೆ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. 2025ರ ಜೂನ್‌ನಿಂದ ನಮ್ಮವರಿಗೆ 14 ದಿನ ವೀಸಾ ಬೇಡ ಅಂತಾದ ಮೇಲೆ ಮನೆಯಲ್ಲಿ ಫಿಲಿಪ್ಪೀನ್ಸ್ ಜಪ ಶುರುವಾಯಿತು. ಡಿಸೆಂಬರ್ ಮೂರನೇ ವಾರ ಹೊರಡುತ್ತಿದ್ದೇವೆ. ಪಲಾವನ್ ಬೀಚು, ಬೋಟು ಎಲ್ಲಾ ಏಜೆಂಟ್ ನೋಡಿಕೊಂಡಿದ್ದಾರೆ. ಅದಕ್ಕೂ ಮುಂಚೆ ಗುರುವಾರ ರಾತ್ರಿಯಿಂದ ಭಾನುವಾರದವರೆಗೆ ಮನಿಲಾದಲ್ಲಿ ನಮ್ಮ ಪಾಡಿಗೆ ನಾವು. ಹೋಟೆಲ್ ಮಕಾಟಿಯಲ್ಲಿ, ಗ್ರೀನ್‌ಬೆಲ್ಟ್ ಮಾಲ್ ಹತ್ತಿರ.

ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಡೊಗ್ಗು ಸಲಾಮು ಯಾವುದೂ ಬೇಡ. ಆಫೀಸಿಗೆ ಹೋಗೋರು, ಕಾಲೇಜು ಹುಡುಗರು ಮಧ್ಯಾಹ್ನ ಏನು ತಿನ್ನುತ್ತಾರೋ ಅದು ಬೇಕು. ಯಾವ ಏರಿಯಾ, ಯಾವ ಹೊತ್ತು, ಏನು ಕೇಳಬೇಕು ಅಂತ ಯಾರಾದರೂ ಹೇಳಿ. ನಾನು, ಹೆಂಡತಿ, ಹತ್ತು ವರ್ಷದ ಮಗ ಕೋಳಿ, ಮೀನು, ಸಿಗಡಿ ತಿನ್ನುತ್ತೇವೆ. ಹಂದಿ, ದನ ಬೇಡ. ಅಮ್ಮ ಪೂರ್ತಿ ಸಸ್ಯಾಹಾರಿ, ಆದರೆ ಕೇಕಿನಲ್ಲಿ ಮೊಟ್ಟೆ ಇದ್ದರೆ ಕಣ್ಣುಮುಚ್ಚಿಕೊಂಡು ತಿಂತಾರೆ.

ಸುತ್ತಾಟ_ಹುಬ್ಬಳ್ಳಿ:

ಹೋದ ವರ್ಷ ಹೋಗಿದ್ದೆ. ಹುಡುಗ ಇದ್ದಾನೆ ಅಂದರೆ ಜಾಲಿಬೀಗೆ ಒಮ್ಮೆ ಹೋಗಲೇಬೇಕು. 1975ರಲ್ಲಿ ಕುಬಾವ್‌ನಲ್ಲಿ ಐಸ್‌ಕ್ರೀಂ ಅಂಗಡಿಯಾಗಿ ಶುರುವಾಗಿದ್ದು, ಈಗ ಬೀದಿಗೊಂದು ಇದೆ. ಅವರ ಕರಿದ ಕೋಳಿ ಚಿಕನ್‌ಜಾಯ್ ಚೆನ್ನಾಗಿದೆ. ಸ್ಪ್ಯಾಗೆಟ್ಟಿ ಸಿಹಿ ಸಿಹಿ, ಮಕ್ಕಳಿಗೆ ಇಷ್ಟ ಆಗುತ್ತೆ, ದೊಡ್ಡವರಿಗೆ ಕಷ್ಟ. ಉಳಿದ ಊಟ ನನಗೆ ಬರೀ ಸಪ್ಪೆ ಅನ್ನಿಸಿತು ಕಣ್ರೀ. ಖಾರಾನೇ ಇಲ್ಲ. ಎರಡನೇ ದಿನಕ್ಕೇ ಇಂಡಿಯನ್ ಹೋಟೆಲ್ ಹುಡುಕಿಕೊಂಡು ಹೋದೆ. ಅಮ್ಮನಿಗೆ ಅಂತೂ ಅದೇ ಗತಿ.

ಕುಂದಾಪ್ರದವಳು_ಮಕಾಟಿ:

ಹುಬ್ಬಳ್ಳಿಯವರೇ, ಸಪ್ಪೆ ಅಂದ್ರಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತೇನೆ. ನಾನು ಇಲ್ಲೇ ಲೆಗಾಸ್ಪಿ ವಿಲೇಜ್‌ನ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ, ಮಧ್ಯಾಹ್ನದ ಊಟ ಬೀದೀಲೇ.

ಇಲ್ಲಿನ ಊಟ ಒಲೆ ಮೇಲೆ ಅರ್ಧ ತಯಾರಾಗುತ್ತೆ, ಉಳಿದರ್ಧ ನಿಮ್ಮ ತಟ್ಟೆಯಲ್ಲಿ. ಟೇಬಲ್ ಮೇಲೆ ಸೋಯಾ ಸಾಸ್, ವಿನೆಗರ್, ಪಾತಿಸ್ ಅನ್ನೋ ಮೀನಿನ ರಸ ಇಟ್ಟಿರುತ್ತಾರೆ. ಕಲಮಾನ್ಸಿ ಕೇಳಿದರೆ ಕೊಡುತ್ತಾರೆ. ಗೋಲಿ ಗಾತ್ರದ ನಿಂಬೆ ಅದು, ಒಳಗೆ ಕಿತ್ತಳೆ ಬಣ್ಣ. ಸಿಲಿಂಗ್ ಲಬುಯೊ ಅಂತ ಗಿಡ್ಡ ಮೆಣಸಿನಕಾಯಿ ಇರುತ್ತೆ, ನಮ್ಮ ಸೂಜಿಮೆಣಸಿನ ಹಾಗೆ. ಪುಟ್ಟ ಬಟ್ಟಲಿಗೆ ಸೋಯಾ ಹಾಕಿ, ನಾಲ್ಕು ಕಲಮಾನ್ಸಿ ಹಿಂಡಿ, ಎರಡು ಮೆಣಸಿನಕಾಯಿ ಚಮಚದ ಬೆನ್ನಲ್ಲಿ ಜಜ್ಜಿ. ಇದಕ್ಕೆ ಸಾವ್‌ಸಾವನ್ ಅಂತಾರೆ. ಪಕ್ಕದಲ್ಲಿ ಕೂತ ಇಬ್ಬರ ಬಟ್ಟಲು ನೋಡಿ, ಒಬ್ಬರದ್ದು ಇನ್ನೊಬ್ಬರದ್ದರ ಹಾಗೆ ಇರೋದಿಲ್ಲ. ಇದನ್ನು ಬಿಟ್ಟು ಸುಮ್ನೆ ಕೋಳಿ ತುಂಡು ಅನ್ನದ ಜೊತೆ ತಿಂದರೆ ಸಪ್ಪೆ ಅನ್ನಿಸದೆ ಇನ್ನೇನು?

ಈಗ ಜಾಗಕ್ಕೆ ಬರೋಣ. ನೀವು ಶುಕ್ರವಾರ ಇಲ್ಲಿರುತ್ತೀರಿ ಅಲ್ವಾ, ಅವತ್ತು ಮಧ್ಯಾಹ್ನ ಜಾಲಿಜೀಪ್‌ಗೇ ಹೋಗಬೇಕು. ಜಾಲಿಬೀ ಬೇರೆ, ಇದು ಬೇರೆ. ಮೊದಲು ಜೀಪಿನ ಹಿಂದೆ ಊಟ ಇಟ್ಟುಕೊಂಡು ಆಫೀಸಿನವರಿಗೆ ಮಾರುತ್ತಿದ್ದರಂತೆ. ಈಗ ಫುಟ್‌ಪಾತ್ ಅಂಚಿನಲ್ಲಿ ಸ್ಟೀಲ್ ಗೂಡಂಗಡಿಗಳು. ಲೆಗಾಸ್ಪಿ, ಸಾಲ್ಸೇಡೊ ಎರಡೂ ಕಡೆ ಒಳರಸ್ತೆಗಳಲ್ಲಿ ಸಿಗುತ್ತವೆ. ನಿಮ್ಮ ಹೋಟೆಲ್‌ನಿಂದ ನಡೆದೇ ಹೋಗಬಹುದು.

ಗಾಜಿನ ಹಿಂದೆ ಸಾಲಾಗಿ ಟ್ರೇಗಳು. ಮೆನು ಕಾರ್ಡು ಗೀರ್ಡು ಇರೋದಿಲ್ಲ. ಬೆರಳು ತೋರಿಸಿ. ಬಡಿಸುವ ಹೆಂಗಸನ್ನು ‘ಆತೆ’ ಅನ್ನಿ, ಗಂಡಸಾದರೆ ‘ಕುಯಾ’. ನಾವು ಅಕ್ಕ, ಅಣ್ಣ ಅಂತೀವಲ್ಲ, ಹಾಗೆ. ತಟ್ಟೆಗೆ ತೆಳು ಪ್ಲಾಸ್ಟಿಕ್ ಕವರ್ ಹೊದಿಸಿ ಅದರ ಮೇಲೆ ಅನ್ನ ಬೋರಲು ಹಾಕುತ್ತಾರೆ. ಊಟ ಆದ ಮೇಲೆ ಕವರ್ ಕಿತ್ತು ಬಿಸಾಕಿದರೆ ತಟ್ಟೆ ತೊಳೆಯೋ ಕೆಲಸ ಇಲ್ಲ. ಪರಿಸರದ ಮಾತು ಆಮೇಲೆ ಆಡೋಣ, ಮೊದಲ ಸಲ ನೋಡಿದಾಗ ನನಗೂ ವಿಚಿತ್ರ ಅನ್ನಿಸಿತ್ತು. ಅನ್ನ, ಒಂದು ಪದಾರ್ಥ ಸೇರಿ ನೂರು ಪೆಸೊ ಆಸುಪಾಸು. ಪೆಸೊಗೆ ಒಂದೂವರೆ ರೂಪಾಯಿ ಲೆಕ್ಕ ಹಾಕಿ.

ಹೊತ್ತು ಮುಖ್ಯ. ಹನ್ನೊಂದೂವರೆಗೆ ಹೋಗಿ. ಬೆಳಿಗ್ಗೆ ಮಾಡಿಟ್ಟ ಅಡುಗೆ, ಹನ್ನೆರಡಕ್ಕೆ ಆಫೀಸುಗಳು ಬಿಟ್ಟವು ಅಂದರೆ ಒಳ್ಳೆಯದೆಲ್ಲಾ ಖಾಲಿ. ಒಂದು ಗಂಟೆಗೆ ಹೋದರೆ ತಳದ ಎಣ್ಣೆ ಮಾತ್ರ ಸಿಗುತ್ತೆ. ಶನಿವಾರ, ಭಾನುವಾರ ಬಹುತೇಕ ಮುಚ್ಚಿರುತ್ತವೆ.

ಶುಕ್ರವಾರ ಯಾಕೆ ಅಂದೆ ಅಂದರೆ ಅವತ್ತು ಮೊಂಗೊ ದಿನ. ಹೆಸರುಕಾಳು ಮೆತ್ತಗೆ ಬೇಯಿಸಿ, ಬೆಳ್ಳುಳ್ಳಿ ಈರುಳ್ಳಿ ಒಗ್ಗರಣೆಗೆ ಹಾಕಿ, ಮೇಲೆ ನುಗ್ಗೆಸೊಪ್ಪು. ಇಲ್ಲಿಯವರು ಕ್ಯಾಥೋಲಿಕರು, ಶುಕ್ರವಾರ ಮಾಂಸ ಬಿಡೋ ಹಳೇ ಪದ್ಧತಿಯಿಂದ ಬಂದಿದ್ದು. ಈಗ ಮಾಂಸ ಬಿಡೋರು ಕಡಿಮೆ, ಮೊಂಗೊ ಮಾತ್ರ ಉಳಿದಿದೆ. ಅದಕ್ಕೇ ಹಂದಿ ಚೂರು ಹಾಕೋರೂ ಇದ್ದಾರೆ, ಕೇಳಿಯೇ ತಗೊಳ್ಳಿ.

ಅಡೋಬೊ ಎಲ್ಲಾ ಕಡೆ ಇರುತ್ತೆ: ವಿನೆಗರ್, ಸೋಯಾ, ಬೆಳ್ಳುಳ್ಳಿ, ಕಾಳುಮೆಣಸು, ಲವಂಗದೆಲೆ. ಆದರೆ ಕೋಳಿ, ಹಂದಿ ಎರಡನ್ನೂ ಒಟ್ಟಿಗೆ ಬೇಯಿಸುವವರು ಬಹಳ. ‘ಮೇ ಬಾಬೊಯ್ ಪೋ ಬಾ?’ ಅನ್ನಿ. ಹಂದಿ ಇದೆಯಾ ಅಂತ. ದನಕ್ಕೆ ‘ಬಾಬೊಯ್’ ಜಾಗದಲ್ಲಿ ‘ಬಾಕಾ’. ನಿಮ್ಮ ಮೂವರಿಗೆ ತಿನೋಲಾ ಸೇಫ್: ಶುಂಠಿ ಹಾಕಿದ ಕೋಳಿ ಸಾರು, ಒಳಗೆ ಹಸಿ ಪಪ್ಪಾಯಿ ತುಂಡು. ಬಂಗುಸ್ ಸಿಕ್ಕಿದರೆ ಬಿಡಬೇಡಿ. ನಮ್ಮ ಕರಾವಳಿಯವರು ಹೂಮೀನು ಅನ್ನೋದೇ ಅದು. ಮುಳ್ಳು ಜಾಸ್ತಿ, ಹುಡುಗನಿಗೆ ಬೋನ್‌ಲೆಸ್ ಅಂತಲೇ ಕೇಳಿ. ವಿನೆಗರ್, ಬೆಳ್ಳುಳ್ಳಿಯಲ್ಲಿ ನೆನೆಸಿ ಹುರಿದದ್ದನ್ನು ಬೆಳಗಿನ ತಿಂಡಿಗೆ ಬೆಳ್ಳುಳ್ಳಿ ಅನ್ನ, ಮೊಟ್ಟೆ ಜೊತೆ ಕೊಡುತ್ತಾರೆ. ಬಂಗ್‌ಸಿಲಾಗ್ ಅಂತ ಕೇಳಿ.

ಶನಿವಾರ ಬೆಳಿಗ್ಗೆ ಸಾಲ್ಸೇಡೊ ಸಂತೆ. ಹೈಮೆ ವೆಲಾಸ್ಕೆಜ್ ಪಾರ್ಕಿನಲ್ಲಿ, ಏಳರಿಂದ ಮಧ್ಯಾಹ್ನ ಎರಡರವರೆಗೆ. ಫಾರಿನ್ ಜನ ಬರುತ್ತಾರೆ, ರೇಟು ಸ್ವಲ್ಪ ಜಾಸ್ತಿ, ‘ಅಸಲಿ ಮನಿಲಾ ಇದಲ್ಲ’ ಅಂತ ಮೂಗು ಮುರಿಯೋರೂ ಇದ್ದಾರೆ. ಮುರಿಯಲಿ. ಬೇರೆ ಬೇರೆ ಪ್ರಾಂತ್ಯದ ಅಡುಗೆ ಒಂದೇ ಪಾರ್ಕಿನಲ್ಲಿ ಸಿಗುತ್ತೆ, ಹುಡುಗ ಓಡಾಡಿಕೊಂಡಿರಬಹುದು, ಅಮ್ಮ ಮರದ ಕೆಳಗೆ ಎಳನೀರು ಹಿಡಿದು ಕೂರಬಹುದು.

ಕೂತು ತಿನ್ನೋಕೆ ಮಾಲ್ ಬೇಕು ಅಂದರೆ ಗ್ರೀನ್‌ಬೆಲ್ಟ್‌ನ ಮನಾಮ್. ಅಲ್ಲಿ ಪ್ರತಿ ಪದಾರ್ಥವೂ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಅಳತೆಯಲ್ಲಿ ಸಿಗುತ್ತೆ. ಸಣ್ಣದು ಐದಾರು ತರಿಸಿ ಹಂಚಿಕೊಳ್ಳಿ. ಮನಾಮ್ ಆಗಲಿ ಬೇರೆ ಕಡೆ ಆಗಲಿ, ಸಿಗಡಿಯ ಸಿನಿಗಾಂಗ್ ಒಮ್ಮೆ ತಿನ್ನಲೇಬೇಕು. ಅದು ಹುಳಿ ಸಾರು. ಹುಣಸೆ ಹಾಕುತ್ತಾರೆ, ಕೆಲವರು ಪೇರಲ ಹಾಕುತ್ತಾರೆ, ಇನ್ನು ಕೆಲವರು ಕಾಮಿಯಾಸ್. ಕಾಮಿಯಾಸ್ ಅಂದರೆ ನಮ್ಮ ಬಿಂಬುಳಿ! ಮನೆ ಹಿತ್ತಿಲಲ್ಲಿ ಬಿದ್ದು ಕೊಳೆಯೋ ಕಾಯಿ ಇಲ್ಲಿ ಮಾರ್ಕೆಟ್‌ನಲ್ಲಿ ದುಡ್ಡು ಕೊಟ್ಟು ತಗೊಳ್ಳುತ್ತಿದ್ದೇನೆ, ನಮ್ಮಮ್ಮನಿಗೆ ಹೇಳಿದರೆ ನಗುತ್ತಾರೆ.

ರಾತ್ರಿ ಊಟಕ್ಕೆ ರೋಹಾಸ್ ಬುಲೆವಾರ್ಡ್‌ನ ಅರಿಸ್ಟೊಕ್ರಾಟ್ ಇದೆ, 1936ರಿಂದ. ಹೆಸರು ಕೇಳಿ ಹೆದರಬೇಡಿ, ಮನೆಮಂದಿ ಎಲ್ಲಾ ಬರೋ ಸಾದಾ ಹೋಟೆಲ್. ಕೋಳಿ ಬಾರ್ಬೆಕ್ಯೂ, ಹಳದಿ ಅನ್ನ, ಶೇಂಗಾ ಸಾಸ್, ಪಕ್ಕಕ್ಕೆ ಹಸಿ ಪಪ್ಪಾಯಿ ಉಪ್ಪಿನಕಾಯಿ. ಅಷ್ಟೇ ತಗೊಳ್ಳಿ.

ಬೆಣ್ಣೆದೋಸೆ_ದಾವಣಗೆರೆ:

ಮೇಡಂ, ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹೆಂಡತಿ ಕೇಳುತ್ತಿದ್ದಾಳೆ, ಬೀದಿ ಊಟದಿಂದ ಹೊಟ್ಟೆ ಕೆಡಲ್ವಾ? ಇನ್ನೊಂದು, ಅಮ್ಮನಿಗೆ ಏನು ಮಾಡೋದು? ಮೊಂಗೊ ಕೇಳಿ ಖುಷಿಪಟ್ಟರು. ಹಂದಿ ಅಂತ ಓದುತ್ತಲೇ ಮುಖ ಸಣ್ಣ ಮಾಡಿಕೊಂಡರು.

ಕುಂದಾಪ್ರದವಳು_ಮಕಾಟಿ:

ಹೊಟ್ಟೆ ವಿಷಯ: ಜನ ಕ್ಯೂ ನಿಂತಿರೋ ಕಡೆ, ಬಿಸಿ ಇರುವಾಗ ತಿನ್ನಿ. ನೀರು ಬಾಟಲಿಯದ್ದು, ಐಸು ಮಾಲ್‌ನದ್ದು ಮಾತ್ರ. ಇದು ದಾವಣಗೆರೆಗೂ ಸೈ, ಮನಿಲಾಕ್ಕೂ ಸೈ.

ಅಮ್ಮನ ವಿಷಯ ಸುತ್ತಿ ಬಳಸಿ ಹೇಳೋದಿಲ್ಲ. ಇಲ್ಲಿ ಊಟದ ಹೊತ್ತಿನ ಅಡುಗೆಯಲ್ಲಿ ಸಸ್ಯಾಹಾರ ಅನ್ನೋದು ಬಹಳ ಕಷ್ಟ. ತರಕಾರಿ ಪಲ್ಯಕ್ಕೂ ಬಗೋಂಗ್ ಬೀಳುತ್ತೆ, ಸಿಗಡಿ ಕೊಳೆಸಿ ಮಾಡಿದ್ದು. ಪಿನಕ್ಬೆಟ್ ನೋಡಿದರೆ ಬದನೆ, ಬೆಂಡೆ, ಹಾಗಲ, ಕುಂಬಳ ಎಲ್ಲಾ ಕಾಣುತ್ತೆ, ಬಾಯಲ್ಲಿ ನೀರೂರುತ್ತೆ. ಬಗೋಂಗ್ ಇಲ್ಲದೆ ಅದನ್ನು ಮಾಡೋದೇ ಇಲ್ಲ. ಲಾಯಿಂಗ್ ಕೂಡ ಅಷ್ಟೇ. ಒಣಗಿಸಿದ ಕೆಸುವಿನ ಎಲೆ, ತೆಂಗಿನ ಹಾಲು, ಮೆಣಸಿನಕಾಯಿ. ನಾನು ವಾರಕ್ಕೊಮ್ಮೆಯಾದರೂ ತಿನ್ನುತ್ತೇನೆ, ಆದರೆ ಒಳಗೆ ಒಣಮೀನೋ ಹಂದಿಯೋ ಇರುತ್ತೆ. ‘ವೆಜಿಟೇರಿಯನ್’ ಅಂದರೆ ನಗುತ್ತಾ ‘ಯೆಸ್ ಮ್ಯಾಮ್’ ಅಂದು ಮೀನು ಕೊಡುತ್ತಾರೆ. ಮೋಸ ಏನಲ್ಲ, ಅವರ ಲೆಕ್ಕದಲ್ಲಿ ಮೀನು ಮಾಂಸ ಅಲ್ಲ.

ಹಾಗಂತ ಇಂಡಿಯನ್ ಹೋಟೆಲ್‌ಗೆ ಓಡಬೇಕಾಗಿಲ್ಲ. ಊಟಕ್ಕೆ ಲೆಗಾಸ್ಪಿಯಲ್ಲೇ ಕಾಸ್ಮಿಕ್ ಅಂತ ವೀಗನ್ ಹೋಟೆಲ್ ಇದೆ, ಫಿಲಿಪಿನೊ ಅಡುಗೆಯನ್ನೇ ಮಾಂಸ, ಮೀನಿನ ರಸ ಏನೂ ಇಲ್ಲದೆ ಮಾಡುತ್ತಾರೆ. ಸಿಸಿಗ್ ಕೂಡ! ಅದು ಪಂಪಾಂಗಾ ಕಡೆಯ ತಿಂಡಿ. ಅಸಲಿಯಲ್ಲಿ ಹಂದಿಯ ಕೆನ್ನೆ, ಕಿವಿ ಸಣ್ಣಗೆ ಕೊಚ್ಚಿ ಕಾದ ತಟ್ಟೆ ಮೇಲೆ ಚುರ್ ಅಂತ ತರುತ್ತಾರೆ. ನಿಮಗೂ ಅದರ ರುಚಿ ನೋಡೋಕೆ ಇದೇ ದಾರಿ. ದೊಡ್ಡ ಮಾಲ್‌ಗಳ ಫುಡ್‌ಕೋರ್ಟ್‌ಗಳಲ್ಲಿ ಬೋಧಿ ಅಂತ ಸಸ್ಯಾಹಾರಿ ಕೌಂಟರ್ ಇರುತ್ತೆ. ಅಲ್ಲೂ ಬೆರಳು ತೋರಿಸೋದೇ.

ಅಮ್ಮನ ನಿಜವಾದ ಸುಗ್ಗಿ ಊಟದಲ್ಲಲ್ಲ, ತಿಂಡಿಯಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ‘ತಾಹೋ...’ ಅಂತ ಉದ್ದಕ್ಕೆ ಎಳೆದು ಕೂಗೋದು ಕೇಳಿದರೆ ಕೆಳಗೆ ಓಡಿ. ಹೆಗಲ ಮೇಲೆ ಕೋಲು, ಎರಡೂ ತುದಿಗೆ ಅಲ್ಯೂಮಿನಿಯಂ ಡಬ್ಬ. ಒಂದರಲ್ಲಿ ಬಿಸಿ ಸೋಯಾ ಹಾಲಿನ ಗಿಣ್ಣಿನಂಥದ್ದು. ಚಪ್ಪಟೆ ಸೌಟಿನಲ್ಲಿ ತೆಳ್ಳಗೆ ಕೆರೆದು ಲೋಟಕ್ಕೆ ಹಾಕುತ್ತಾರೆ. ಇನ್ನೊಂದರಲ್ಲಿ ಬೆಲ್ಲದ ಪಾಕ, ಸಾಬುದಾನಿ. ಹಾಲು, ಮೊಟ್ಟೆ ಏನೂ ಇಲ್ಲ. ಮೂರು ಗಂಟೆಯ ಮೇಲೆ ಬನಾನಾ ಕ್ಯೂ: ಸಾಬಾ ಬಾಳೆಹಣ್ಣನ್ನು ಕಂದು ಸಕ್ಕರೆ ಜೊತೆ ಎಣ್ಣೆಯಲ್ಲಿ ಕರಿದು ಕಡ್ಡಿಗೆ ಚುಚ್ಚಿರುತ್ತಾರೆ. ತುರೋನ್ ಅಂದರೆ ಅದೇ ಬಾಳೆಹಣ್ಣು, ಜೊತೆಗೆ ಹಲಸಿನ ತೊಳೆಯ ಸೀಳು, ತೆಳು ಹಾಳೆಯಲ್ಲಿ ಸುತ್ತಿ ಕರಿದದ್ದು. ಬಾಣಲೆ ಬೇರೆ ಇದೆಯಾ ಅಂತ ನೋಡಿಕೊಳ್ಳಿ, ಕೆಲವು ಗಾಡಿಗಳಲ್ಲಿ ಒಂದೇ ಎಣ್ಣೆ.

ಹಾಲೊ-ಹಾಲೊ ಎಲ್ಲರಿಗೂ ಗೊತ್ತು, ತುರಿದ ಐಸಿನ ಕೆಳಗೆ ಹತ್ತು ಬಗೆ. ನನಗೆ ಆ ಜಾತ್ರೆ ಇಷ್ಟ ಇಲ್ಲ. ರೇಜನ್ಸ್ ಆಫ್ ಗುವಾಗುವಾದಲ್ಲಿ ಹಾಕೋದು ಬಾಳೆಹಣ್ಣು, ಮಕಪುನೊ ಅನ್ನೋ ಮೆತ್ತನೆ ತೆಂಗಿನ ತಿರುಳು, ಲೆಚೆ ಫ್ಲಾನ್ ಅನ್ನೋ ಕ್ಯಾರಮೆಲ್ ಕಸ್ಟರ್ಡ್, ಹಾಲು, ಅಷ್ಟೇ. ಐಸು ಹಿಟ್ಟಿನಷ್ಟು ನುಣ್ಣಗೆ ಇರುತ್ತೆ. ಫ್ಲಾನ್‌ನಲ್ಲಿ ಮೊಟ್ಟೆ ಇದೆ, ಅಮ್ಮ ಕಣ್ಣು ಮುಚ್ಚಿಕೊಳ್ಳಲಿ.

ಇನ್ನು ನೀವು ಬರೋ ವಾರದ ಅದೃಷ್ಟ. ಡಿಸೆಂಬರ್ 16ರಿಂದ 24ರವರೆಗೆ ಚರ್ಚುಗಳಲ್ಲಿ ಸಿಂಬಾಂಗ್ ಗಾಬಿ, ಕೋಳಿ ಕೂಗೋ ಮುಂಚೆ ಪೂಜೆ. ಚರ್ಚಿನ ಹೊರಗೆ ಸಾಲಾಗಿ ಬಿಬಿಂಕಾ, ಪುತೊ ಬುಂಬೊಂಗ್ ಅಂಗಡಿ. ಅಷ್ಟು ಬೇಗ ಏಳೋದು ಬೇಡ, ಸಂಜೆಯೂ ಸಿಗುತ್ತೆ. ಬಿಬಿಂಕಾ ಅಕ್ಕಿಹಿಟ್ಟಿನದು, ಬಾಳೆಎಲೆ ಮೇಲೆ ಹೊಯ್ದು ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ಅದರೊಳಗೆ ಉಪ್ಪು ಹಾಕಿಟ್ಟ ಬಾತುಕೋಳಿ ಮೊಟ್ಟೆ ಹೋಳು ಇರುತ್ತೆ, ಅದು ಕೇಕಿನ ಮೊಟ್ಟೆಯ ಹಾಗೆ ಕಣ್ಣಿಗೆ ಕಾಣದೆ ಇರೋದಿಲ್ಲ. ಅಮ್ಮನಿಗೆ ಪುತೊ ಬುಂಬೊಂಗ್ ಕೊಡಿಸಿ. ನೇರಳೆ ಬಣ್ಣದ ಅಕ್ಕಿಹಿಟ್ಟು, ಬಿದಿರಿನ ಕೊಳವೆಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿ, ಕೋಲಿನಿಂದ ದೂಡಿ ಬಾಳೆಎಲೆಗೆ ಬೀಳಿಸುತ್ತಾರೆ. ಮೇಲೆ ತೆಂಗಿನತುರಿ, ಕಂದು ಸಕ್ಕರೆ, ಬೆಣ್ಣೆ ಅಥವಾ ಮಾರ್ಗರಿನ್.

ಸಮುದ್ರಕಾಗೆ:

ನಾನು ಹಡಗಿನಲ್ಲಿ ಕೆಲಸ ಮಾಡೋನು, ಊರು ಉಳ್ಳಾಲ. ಜೊತೆಗಾರರಲ್ಲಿ ಅರ್ಧಕ್ಕರ್ಧ ಫಿಲಿಪ್ಪೀನ್ಸ್‌ನವರು. ಹಡಗಿನ ಅಡುಗೆಮನೆಯಲ್ಲೇ ಈ ಊಟ ಕಲಿತವನು ನಾನು, ಮನಿಲಾಕ್ಕೆ ಇಳಿದಾಗ ಅವರೇ ಕರೆದುಕೊಂಡು ಹೋಗುತ್ತಾರೆ.

ಮಕಾಟಿಯವರು ಹೇಳಿದ್ದೆಲ್ಲಾ ಸರಿ, ಆದರೆ ಮಕಾಟಿ ಬಿಟ್ಟು ಹೊರಗೆ ಬನ್ನಿ ಸ್ವಾಮಿ. ಹಂದಿ ಬೇಡ, ಖಾರ ಬೇಕು ಅಂದರೆ ಕಿಯಾಪೊಗೆ ಹೋಗಿ. ಅಲ್ಲಿನ ಚರ್ಚು ಎಲ್ಲರೂ ನೋಡುತ್ತಾರೆ, ಅದರಿಂದ ಸ್ವಲ್ಪ ನಡೆದರೆ ಗೋಲ್ಡನ್ ಮಸೀದಿ. 1976ರಲ್ಲಿ ಲಿಬಿಯಾದ ಗಡಾಫಿ ಬರುತ್ತಾನೆ ಅಂತ ಕಟ್ಟಿಸಿದ್ದು. ಅವನು ಬರಲೇ ಇಲ್ಲ, ಮಸೀದಿ ಉಳಿಯಿತು. ಸುತ್ತಲಿನ ಗಲ್ಲಿಗಳಲ್ಲಿ ದಕ್ಷಿಣದ ಮಿಂಡನಾವೊ ದ್ವೀಪದ ಕಡೆಯ ಮರನಾವ್ ಮುಸ್ಲಿಮರ ಸಣ್ಣ ಹೋಟೆಲ್‌ಗಳಿವೆ. ಎಲ್ಲಾ ಹಲಾಲ್. ಅರಿಶಿನ, ತೆಂಗಿನ ಹಾಲು ಹಾಕಿದ ಕೋಳಿ, ಪಿಯಾಪರನ್ ಅಂತಾರೆ. ಪಕ್ಕಕ್ಕೆ ಪಲಾಪಾ: ಶುಂಠಿ, ಎಳೆ ಈರುಳ್ಳಿಯಂಥ ಒಂದು ಗೆಡ್ಡೆ, ಮೆಣಸಿನಕಾಯಿ ಕುಟ್ಟಿದ್ದು. ಕಣ್ಣಲ್ಲಿ ನೀರು ಬರುತ್ತೆ. ಹುಬ್ಬಳ್ಳಿಯವರನ್ನು ಇಲ್ಲಿಗೇ ಕರೆದುಕೊಂಡು ಹೋಗಬೇಕಿತ್ತು. ಬಾಳೆಎಲೆಯಲ್ಲಿ ಸುತ್ತಿದ ಅನ್ನ, ಮೇಲೆ ಎಳೆ ಎಳೆ ಬಿಡಿಸಿದ ಕೋಳಿ, ಇದು ಪಾಸ್ತಿಲ್. ಅಗ್ಗ. ದನದ ಪದಾರ್ಥವೂ ಇರುತ್ತೆ, ಕೇಳಿ ತಗೊಳ್ಳಿ. ಜನಜಂಗುಳಿ ವಿಪರೀತ, ಪರ್ಸು ಮುಂದಿನ ಜೇಬಿನಲ್ಲಿರಲಿ.

ಎಲ್‌ಆರ್‌ಟಿ 1 ಅನ್ನೋ ಮೆಟ್ರೋ ರೈಲಿನ ಕರಿಯೇಡೊ ಸ್ಟೇಷನ್‌ನಲ್ಲಿ ಇಳಿದರೆ ಒಂದು ಕಡೆ ಕಿಯಾಪೊ, ಇನ್ನೊಂದು ಕಡೆ ಬಿನೊಂಡೊ. ಬಿನೊಂಡೊ 1594ರಲ್ಲಿ ಸ್ಪೇನಿನವರು ಚೀನಾದವರಿಗೆ ಅಂತ ಮಾಡಿಕೊಟ್ಟ ಪೇಟೆ, ಪ್ರಪಂಚದ ಅತಿ ಹಳೆಯ ಚೈನಾಟೌನ್ ಅಂತಾರೆ. ಹಸಿ ಲುಂಪ್ಯಾಗೆ, ಅಂದರೆ ಕರಿಯದ ಸ್ಪ್ರಿಂಗ್ ರೋಲ್‌ಗೆ, ನ್ಯೂ ಪೊ-ಹೆಂಗ್ ಹೆಸರುವಾಸಿ, ಆದರೆ ಒಳಗೆ ಹಂದಿ ಇರುತ್ತೆ, ನಿಮಗಲ್ಲ. ಇಂಗ್ ಬೀ ಟಿನ್‌ನಲ್ಲಿ ಊಬೆ ಹೋಪಿಯಾ ಕಟ್ಟಿಸಿಕೊಳ್ಳಿ. ಊಬೆ ಅಂದರೆ ನೇರಳೆ ಬಣ್ಣದ ಗೆಡ್ಡೆ, ಹೋಪಿಯಾ ಅಂದರೆ ಒಳಗೆ ಹೂರಣ ತುಂಬಿ ಬೇಯಿಸಿದ ಪುಟ್ಟ ಬಿಲ್ಲೆ. ವಾರ ಇಟ್ಟರೂ ಕೆಡಲ್ಲ, ಊರಿಗೂ ತರಬಹುದು. ಕೆಲವು ಹೋಪಿಯಾಗಳಲ್ಲಿ ಹಂದಿ ಕೊಬ್ಬು ಇರುತ್ತೆ, ಪೊಟ್ಟಣ ಓದಿ.

ದಂಪಾ ಬಗ್ಗೆ ಯಾರೂ ಹೇಳಲಿಲ್ಲ. ಮೀನು ಮಾರ್ಕೆಟ್‌ನಲ್ಲಿ ನೀವೇ ಆರಿಸಿ ತಗೊಳ್ಳೋದು, ಪಕ್ಕದ ಹೋಟೆಲ್‌ನವರು ಕಿಲೋ ಲೆಕ್ಕದಲ್ಲಿ ಅಡುಗೆ ಮಾಡಿಕೊಡೋದು. ಸಿಗಡಿ ಬೆಳ್ಳುಳ್ಳಿ ಬೆಣ್ಣೆಯಲ್ಲಿ, ಏಡಿ ತೆಂಗಿನ ಹಾಲಿನಲ್ಲಿ. ಕುಬಾವ್‌ನ ಫಾರ್ಮರ್ಸ್ ಮಾರ್ಕೆಟ್‌ಗೆ ಹೋಗಿ. ಎಂಆರ್‌ಟಿ ಮೆಟ್ರೋ ಹತ್ತಿದರೆ ಮಕಾಟಿಯ ಅಯಾಲಾ ಸ್ಟೇಷನ್‌ನಿಂದ ನೇರ.

ಸುತ್ತಾಟ_ಹುಬ್ಬಳ್ಳಿ:

ದಂಪಾದಲ್ಲಿ ಹುಷಾರು. ನಮ್ಮನ್ನು ಒಂದು ಕಡೆ ದಲ್ಲಾಳಿ ಕೈಹಿಡಿದು ಎಳೆದುಕೊಂಡು ಹೋದ. ಏಡಿ ತೂಕ ನಮಗೆ ಕಾಣದ ಕಡೆ ಹಾಕಿದರು, ಅಡುಗೆ ಬಿಲ್ಲು ಮೀನಿನ ಬಿಲ್ಲಿಗಿಂತ ದೊಡ್ಡದಾಯಿತು. ಮತ್ತೆ, ಪಲಾಪಾ ವಿಷಯ ಆಗ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ!

ಸಮುದ್ರಕಾಗೆ:

ದಲ್ಲಾಳಿ ಹಿಂದೆ ಹೋಗಲೇಬಾರದು ಸರ್. ಮೊದಲು ಹೋಟೆಲ್‌ನಲ್ಲಿ ಅಡುಗೆ ರೇಟಿನ ಬೋರ್ಡ್ ನೋಡಿ ಫೋಟೋ ತೆಗೆದುಕೊಳ್ಳಿ, ಆಮೇಲೆ ಮೀನು ತಗೊಳ್ಳಿ. ತಕ್ಕಡಿ ಮುಂದೆ ನಿಲ್ಲಿ. ಚೌಕಾಸಿ ಮಾಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಕುಂದಾಪ್ರದವಳು_ಮಕಾಟಿ:

ಉಳ್ಳಾಲದವರು ಹೇಳಿದ ಕಿಯಾಪೊ ಸರಿ, ಆದರೆ ಡಿಸೆಂಬರ್ ಶನಿವಾರ ಅಲ್ಲಿಗೆ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಕ್ರಿಸ್ಮಸ್ ವ್ಯಾಪಾರ, ಕಾಲಿಡೋಕೆ ಜಾಗ ಇರೋದಿಲ್ಲ. ನಾನಾದರೆ ಹೀಗೆ ಮಾಡುತ್ತೇನೆ: ಶುಕ್ರವಾರ ಜಾಲಿಜೀಪ್, ಸಂಜೆ ಪುತೊ ಬುಂಬೊಂಗ್. ಶನಿವಾರ ಬೆಳಿಗ್ಗೆ ಸಾಲ್ಸೇಡೊ. ಮಧ್ಯಾಹ್ನ ಅಮ್ಮ, ಹೆಂಡತಿ ಕಾಸ್ಮಿಕ್‌ನಲ್ಲಿ, ನೀವು ಮಗ ಹತ್ತಿರದ ಮಾಂಗ್ ಇನಸಾಲ್‌ನಲ್ಲಿ. ಅಲ್ಲಿ ಮಜ್ಜಿಗೆಹುಲ್ಲು, ಕಲಮಾನ್ಸಿ ಹಾಕಿ ನೆನೆಸಿ ಕೆಂಡದಲ್ಲಿ ಸುಟ್ಟ ಕೋಳಿ. ಅನ್‌ಲಿಮಿಟೆಡ್ ಅನ್ನದ ಪ್ಲೇಟ್ ಕೇಳಿದರೆ ಹುಡುಗ ಕೈ ಎತ್ತಿದಾಗಲೆಲ್ಲಾ ಅನ್ನ ತಂದು ಹಾಕುತ್ತಾರೆ. ಟೇಬಲ್ ಮೇಲಿನ ಹಳದಿ ಎಣ್ಣೆ ಕೋಳಿಯದು, ಅನ್ನದ ಮೇಲೆ ಸುರಿದುಕೊಳ್ಳಿ. ಕಿಯಾಪೊ, ಬಿನೊಂಡೊ ಭಾನುವಾರ ಬೆಳಿಗ್ಗೆ ಬೇಗ ಮುಗಿಸಿ. ದಂಪಾ ಪಲಾವನ್‌ಗೆ ಬಿಡಿ, ಅಲ್ಲಿ ಮೀನು ಇನ್ನೂ ಫ್ರೆಶ್. ಏರ್‌ಪೋರ್ಟಿಗೆ ಮಾತ್ರ ಬೇಗ ಹೊರಡಿ, ಡಿಸೆಂಬರ್ ಟ್ರಾಫಿಕ್‌ನ ಮುಂದೆ ಸಿಲ್ಕ್‌ಬೋರ್ಡ್ ಏನೂ ಅಲ್ಲ.

ಬೆಣ್ಣೆದೋಸೆ_ದಾವಣಗೆರೆ:

ಪ್ಲಾನ್ ಹಾಗೇ ಬರೆದುಕೊಂಡೆ ಮೇಡಂ. ಅಮ್ಮ ಕೊನೆಯದಾಗಿ ಕೇಳಿ ಅಂದರು, ಶೇಂಗಾ ಚಟ್ನಿಪುಡಿ ತರೋದಾ ಬೇಡವಾ ಅಂತ. ಅಲ್ಲಿನ ಬೆಳ್ಳುಳ್ಳಿ ಅನ್ನಕ್ಕೆ ಕಲಸಿಕೊಳ್ಳಬಹುದಾ?

ಕುಂದಾಪ್ರದವಳು_ಮಕಾಟಿ:

ಧಾರಾಳವಾಗಿ ಕಲಸಿಕೊಳ್ಳಲಿ. ಎರಡು ಪೊಟ್ಟಣ ತನ್ನಿ, ಒಂದು ನನಗೆ.